ನಮ್ಮ ಗ್ರೂಪಿನ ಈ ವಾರದ ಪ್ರಶ್ನೋತ್ತರ: ನಾರು, ಬ್ಯೂಟಿರೇಟ್, ಕರುಳಿನ ಉರಿಯೂತ (ಸದಸ್ಯರ ಹೆಸರಿನ ಬದಲು ಅವರ ಊರಿನ ಹೆಸರಿದೆ)

ಡಾಕ್ಟರ್ (ಜಠರ-ಕರುಳು ತಜ್ಞರು, ಮಡಿಕೇರಿ): ಎಲ್ಲರಿಗೂ ನಮಸ್ಕಾರ. ಹೋದ ವಾರ ‘ಬ್ಯೂಟಿರೇಟ್ ಅಂದ್ರೆ ಏನು’ ಅಂತ ಕೇಳಿದ್ರಿ. ಸೊಪ್ಪು, ಕಾಳು, ರಾಗಿಯ ನಾರು ಸಣ್ಣ ಕರುಳಲ್ಲಿ ಜೀರ್ಣವಾಗೋದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯೂಟಿರೇಟ್ ಎಂಬ ಕೊಬ್ಬಿನಾಮ್ಲಗಳನ್ನು ಮಾಡ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ ಈ ಬ್ಯೂಟಿರೇಟೇ. ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ರೋಗನಿರೋಧಕ ಕೋಶಗಳಿಗೂ ಅದರ ಬೆಂಬಲ ಬೇಕು. ಇನ್ನು ಕೇಳಿ.

ಗೋಣಿಕೊಪ್ಪ: ಡಾಕ್ಟ್ರೇ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಚಮಚ ತುಪ್ಪ ಕುಡಿದ್ರೆ ಬ್ಯೂಟಿರೇಟ್ ನೇರ ಕರುಳಿಗೆ ಹೋಗುತ್ತೆ ಅಂತ ಮೆಸೇಜ್ ಬಂದಿದೆ. ನಿಜವಾ?

ಡಾಕ್ಟರ್: ಇಲ್ಲ. ಈ ಆಮ್ಲ ಮೊದಲು ಸಿಕ್ಕಿದ್ದು ಬೆಣ್ಣೆಯಲ್ಲಿ. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೊಲ್ ಕಂಡುಹಿಡಿದದ್ದು. ಹೆಸರು ಬಂದದ್ದೂ ಬೆಣ್ಣೆಯಿಂದಲೇ, ಗೊಂದಲ ಶುರುವಾಗಿದ್ದೂ ಅಲ್ಲಿಂದಲೇ. ಹಾಲಿನ ಕೊಬ್ಬಿನಲ್ಲಿ ಅದು ಇರೋದು ನೂರಕ್ಕೆ ಮೂರು ನಾಲ್ಕು ಪಾಲು. ಅಷ್ಟೂ ಜೀರ್ಣಾಂಗದ ಮೇಲ್ಭಾಗದಲ್ಲೇ ಹೀರಿಹೋಗುತ್ತೆ, ದೊಡ್ಡ ಕರುಳು ಮುಟ್ಟೋದಿಲ್ಲ. ತುಪ್ಪ ಅನ್ನಕ್ಕೆ ಹಾಕಿಕೊಳ್ಳಿ, ಔಷಧಿ ಅಂತ ಕುಡಿಯಬೇಡಿ.

ಸೋಮವಾರಪೇಟೆ: ಸರ್, ರಾಗಿ ಒಳ್ಳೇದಾ, ಅಕ್ಕಿನಾ?

ಡಾಕ್ಟರ್: ನಾರಿನ ಲೆಕ್ಕದಲ್ಲಿ ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3ರ ಆಸುಪಾಸು. ದಿನಕ್ಕೆ 25ರಿಂದ 30 ಗ್ರಾಂ ಬೇಕು. ಕಡಂಬುಟ್ಟು (ಅಕ್ಕಿಯ ಉಂಡೆ) ಬಿಡಬೇಕಾಗಿಲ್ಲ, ಜೊತೆಗೆ ಕಾಳು, ಸೊಪ್ಪು ಇರಲಿ.

ವಿರಾಜಪೇಟೆ: ಡಾಕ್ಟ್ರೇ, ನನ್ನ ತಮ್ಮನ ವಿಷಯ. ವಯಸ್ಸು 26, ತೋಟದ ಕೆಲಸ. ಕಕ್ಕಡ 18ಕ್ಕೆ, ಅಂದ್ರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಔಷಧಿ ಅಂತ ತಿನ್ನುವ ಮದ್ದು ಸೊಪ್ಪಿನ ಪಾಯಸ ತಿಂದ ಮಾರನೇ ದಿನ ಮಲ ಕೆಂಪಾಗಿತ್ತು. ಸೊಪ್ಪಿನ ಬಣ್ಣ ಅಂದುಕೊಂಡು ಸುಮ್ಮನಾದ್ವಿ. ಈಗ ಮೂರು ತಿಂಗಳಾಯ್ತು. ದಿನಕ್ಕೆ ಐದಾರು ಸಲ, ಲೋಳೆ, ರಕ್ತ. ರಾತ್ರಿ ನಿದ್ದೆಯಿಂದ ಎದ್ದು ಓಡ್ತಾನೆ. ಎಂಟು ಕೆಜಿ ಇಳಿದಿದ್ದಾನೆ. ಮಂಡಿ ನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗ್ತಾನೆ. ಒಬ್ಬರು ಮೂಲವ್ಯಾಧಿ ಅಂದ್ರು. ಮೂರು ವಾರದಿಂದ ತುಪ್ಪ, ಬಾಳೆದಿಂಡಿನ ರಸ ಕೊಡ್ತಿದ್ದೀವಿ.

ನಾಪೋಕ್ಲು: ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ ರಸ) ನಾಲ್ಕು ಹನಿ ನೀರಿಗೆ ಹಾಕಿ ಕೊಡಿ ಅಕ್ಕ. ಕೆಟ್ಟ ಬ್ಯಾಕ್ಟೀರಿಯಾ ಎಲ್ಲ ಸಾಯುತ್ತೆ.

ಸೋಮವಾರಪೇಟೆ: ಹಂದಿ ಮಾಂಸ ಬಿಡಿಸಿ ಮೊದಲು. ನಿಮ್ಮ ಕಡೆ ಕರುಳಿನ ರೋಗಕ್ಕೆಲ್ಲ ಅದೇ ಕಾರಣ.

ನಾಪೋಕ್ಲು: ‘ನಿಮ್ಮ ಕಡೆ’ ಅಂದ್ರೆ ಏನ್ರೀ? ನಮ್ಮಜ್ಜ ತೊಂಬತ್ತು ವರ್ಷ ಪಂದಿ ಕರಿ ತಿಂದೇ ಬದುಕಿದ್ರು.

ಸೋಮವಾರಪೇಟೆ: ಅವರು ದಿನಾ ಗುಡ್ಡ ಹತ್ತಿ ಇಳೀತಿದ್ರು. ನೀವು ಜೀಪು ಬಿಟ್ಟು ಇಳಿಯಲ್ಲ.

ಕುಶಾಲನಗರ: ಪ್ರೊಬಯೋಟಿಕ್ (ಒಳ್ಳೆ ಬ್ಯಾಕ್ಟೀರಿಯಾದ) ಕ್ಯಾಪ್ಸೂಲ್ ಯಾವುದು ಒಳ್ಳೇದು ಡಾಕ್ಟ್ರೇ?

ಡಾಕ್ಟರ್: ವಿರಾಜಪೇಟೆಯ ಅಕ್ಕಾ, ಇದನ್ನು ನಿಧಾನಕ್ಕೆ ಎರಡು ಸಲ ಓದಿ. ಮದ್ದು ಸೊಪ್ಪು ಕೆಂಪು ಮಾಡೋದು ಮೂತ್ರವನ್ನು, ಅದೂ ಆಮೇಲೆ ತಾನಾಗಿ ಹೋಗುತ್ತೆ. ಮೂರು ತಿಂಗಳ ರಕ್ತಕ್ಕೂ ಪಾಯಸಕ್ಕೂ ಸಂಬಂಧವಿಲ್ಲ. ಮೂಲವ್ಯಾಧಿಯಲ್ಲಿ ಲೋಳೆ ಸಮೇತ ಐದಾರು ಸಲ ಭೇದಿ, ಇಷ್ಟು ತೂಕ ಇಳಿಯೋದು ಇರೋದಿಲ್ಲ. ನಿದ್ದೆಯಿಂದ ಎಬ್ಬಿಸುವ ಭೇದಿ ಕೇಳಿದರೆ ನನಗೆ ಭಯವಾಗುತ್ತೆ. ಮಂಡಿ ನೋವೂ ಸೇರಿದಾಗ ನನ್ನ ಮೊದಲ ಅನುಮಾನ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರ ಹುಣ್ಣಾಗುವ ದೀರ್ಘಕಾಲದ ಉರಿಯೂತ. ಆದರೆ ಅಮೀಬಾ ಸೋಂಕು, ಕರುಳಿನ ಕ್ಷಯ ಕೂಡ ನಮ್ಮ ದೇಶದಲ್ಲಿ ಹೀಗೇ ವೇಷ ಹಾಕಿಕೊಂಡು ಬರ್ತವೆ. ಅವನ್ನು ತಳ್ಳಿಹಾಕದೆ ಸ್ಟೀರಾಯ್ಡ್ (ಉರಿಯೂತ ಇಳಿಸುವ ಮದ್ದು) ಕೊಟ್ಟರೆ ಅಪಾಯ. ಅದಕ್ಕೇ ಮಲ ಪರೀಕ್ಷೆ, ಹಿಮೋಗ್ಲೋಬಿನ್, ಉರಿಯೂತ ಅಳೆಯುವ ಸಿಆರ್‌ಪಿ (ರಕ್ತದಲ್ಲಿ), ಕ್ಯಾಲ್‌ಪ್ರೊಟೆಕ್ಟಿನ್ (ಮಲದಲ್ಲಿ), ಆಮೇಲೆ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವುದು) ಮಾಡಿ ಚೂರು ತೆಗೆದು ಪರೀಕ್ಷೆ. ಇದಕ್ಕೆ ಅಡ್ಡದಾರಿ ಇಲ್ಲ.

ಮೆಡಿಕಲ್ ಶಾಪಿನ ನೋವಿನ ಮಾತ್ರೆ ಇವತ್ತೇ ನಿಲ್ಲಿಸಿ, ಅವು ಈ ರೋಗವನ್ನು ಕೆರಳಿಸಬಹುದು. ಭೇದಿ ಕಟ್ಟುವ ಮಾತ್ರೆಯನ್ನೂ ಕೊಡಬೇಡಿ, ಉರಿಯುತ್ತಿರುವ ಕರುಳು ಉಬ್ಬಿ ಜೀವಕ್ಕೇ ಕುತ್ತಾಗಬಹುದು. ದಿಂಡಿನ ರಸವೂ ಬೇಡ. ಆರು ಸಲ ಅಥವಾ ಅದಕ್ಕೂ ಹೆಚ್ಚು ರಕ್ತಭೇದಿ ಆಗಿ, ಜೊತೆಗೆ ಜ್ವರ ಬಂದರೆ ಅಥವಾ ನಾಡಿ ನಿಮಿಷಕ್ಕೆ 90 ದಾಟಿದರೆ ಅವತ್ತೇ ಆಸ್ಪತ್ರೆಗೆ ಸೇರಿಸಿ.

ಹಾಗಾದ್ರೆ ಬ್ಯೂಟಿರೇಟ್ ಸುಳ್ಳಾ ಅಂತ ಕೇಳಬಹುದು. ಸುಳ್ಳಲ್ಲ. ಈ ರೋಗಿಗಳಲ್ಲಿ ಬ್ಯೂಟಿರೇಟ್ ಮಾಡುವ ಬ್ಯಾಕ್ಟೀರಿಯಾ, ಮುಖ್ಯವಾಗಿ ಫೀಕಲಿಬ್ಯಾಕ್ಟೀರಿಯಂ, ಕಡಿಮೆಯಾಗಿರೋದು ಕಂಡಿದೆ. ಬ್ಯಾಕ್ಟೀರಿಯಾ ಕಡಿಮೆಯಾಗಿ ರೋಗ ಬಂತಾ, ರೋಗ ಬಂದು ಅವು ಕಡಿಮೆಯಾದವಾ ಅನ್ನೋದು ಇನ್ನೂ ಇತ್ಯರ್ಥವಾಗಿಲ್ಲ. ಮೇಲಾಗಿ, ಉರಿಯೂತ ಹಿಡಿದ ಕರುಳಿನ ಕೋಶಕ್ಕೆ ಬ್ಯೂಟಿರೇಟ್ ಸಿಕ್ಕರೂ ಸರಿಯಾಗಿ ಉರಿಸಿಕೊಳ್ಳೋದಕ್ಕೆ ಆಗೋದಿಲ್ಲ. ಒಲೆಯೇ ಒಡೆದಿರುವಾಗ ಸೌದೆ ತುರುಕಿ ಏನು ಪ್ರಯೋಜನ? ಗುದದ್ವಾರದಿಂದ ಬ್ಯೂಟಿರೇಟ್ ಕೊಟ್ಟು ನೋಡಿದ ಪ್ರಯೋಗಗಳಲ್ಲೂ ಈ ರೋಗಕ್ಕೆ ಒಂದೇ ರೀತಿ ಫಲ ಸಿಕ್ಕಿಲ್ಲ. ಮೊದಲು ಮದ್ದಿನಿಂದ ಉರಿ ಇಳಿಯಲಿ, ನಾರನ್ನು ಆಮೇಲೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸೋಣ.

ಸಿದ್ದಾಪುರ: ಕಣಿಲೆಯಲ್ಲಿ, ಅಂದ್ರೆ ಎಳೆ ಬಿದಿರಿನ ಮೊಳಕೆಯಲ್ಲಿ, ನಾರು ಜಾಸ್ತಿ ಅಲ್ವಾ ಸರ್? ಹಸಿಯಾಗೇ ಅರೆದು ಕುಡಿಯಿರಿ ಅಂತ ಒಂದು ವಿಡಿಯೋ ಬಂದಿದೆ.

ಡಾಕ್ಟರ್: ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ನಿಮ್ಮಜ್ಜಿ ನೀರು ಬದಲಾಯಿಸಿ ಬದಲಾಯಿಸಿ ನೆನೆಸಿಟ್ಟು, ಬೇಯಿಸಿ ಬಸಿದದ್ದು ಸುಮ್ಮನೆ ಅಲ್ಲ. ಆ ವಿಡಿಯೋ ಅಳಿಸಿ. ಇನ್ನೊಬ್ಬರಿಗೆ ಕಳಿಸಬೇಡಿ.

ಗೋಣಿಕೊಪ್ಪ: ಹಸುವಿನ ತುಪ್ಪ ಆದ್ರೆ ಬೇರೆ ಅಲ್ವಾ ಡಾಕ್ಟ್ರೇ?

ಡಾಕ್ಟರ್: ಮೇಲೆ ಹೇಳಿದ್ದೇನೆ.

ಕುಶಾಲನಗರ: ತಂಗಳನ್ನ?

ಡಾಕ್ಟರ್: ತಣಿದ ಅನ್ನದಲ್ಲಿ ಸ್ವಲ್ಪ ಪಿಷ್ಟ ಜೀರ್ಣವಾಗದೆ ಬ್ಯಾಕ್ಟೀರಿಯಾಕ್ಕೆ ಸಿಗೋದು ನಿಜ. ಫ್ರಿಜ್ಜಿನಲ್ಲಿಟ್ಟದ್ದಾಗಿರಬೇಕು, ಇಡೀ ರಾತ್ರಿ ಹೊರಗಿಟ್ಟದ್ದಲ್ಲ.

ನಾಪೋಕ್ಲು: ಕಾಚಂಪುಳಿ ಬಗ್ಗೆ ಉತ್ತರ ಬರಲೇ ಇಲ್ಲ. ನಮ್ಮ ಊರಿನ ವಸ್ತು ಅಂದ್ರೆ ಡಾಕ್ಟರಿಗೆ ತಾತ್ಸಾರ.

ಡಾಕ್ಟರ್: ನಾನೂ ಇದೇ ಊರಿನವನು, ನನ್ನ ಮನೆಯಲ್ಲೂ ಕಾಚಂಪುಳಿ ಬಾಟಲಿ ಇದೆ. ಅದರ ಜಾಗ ಸಾರಿನಲ್ಲಿ. ಹುಣ್ಣಾದ ಕರುಳಿಗೆ ಬೇಡ. ಒಬ್ಬ ಹೆಣ್ಣುಮಗಳು ತಮ್ಮನಿಗೆ ಮೂರು ತಿಂಗಳಿಂದ ರಕ್ತ ಹೋಗ್ತಿದೆ ಅಂತ ಬರೆದಿದ್ದಾರೆ. ಅದರ ಕೆಳಗೆ ನೀವಿಬ್ಬರು ಪಂದಿ ಕರಿ, ಜೀಪು ಅಂತ ಜಗಳ ಆಡಿದ್ದೀರಿ. ನನಗೆ ತುಂಬಾ ಬೇಜಾರಾಯ್ತು.

ಸೋಮವಾರಪೇಟೆ: ನಾನು ಒಳ್ಳೇದಕ್ಕೇ ಹೇಳಿದ್ದು ಸರ್.

ನಾಪೋಕ್ಲು: ಒಳ್ಳೇದಕ್ಕೆ ಹೇಳೋರು ಬೇರೆಯವರ ಊಟದ ತಟ್ಟೆಗೆ ಕೈ ಹಾಕಲ್ಲ.

ಸೋಮವಾರಪೇಟೆ: ಗ್ರೂಪ್ ಬಿಡ್ತೀನಿ ಬಿಡಿ.

ಕುಶಾಲನಗರ: ಕ್ಯಾಪ್ಸೂಲ್ ಹೆಸರು ಹೇಳಿ ಡಾಕ್ಟ್ರೇ, ಪ್ಲೀಸ್.

ವಿರಾಜಪೇಟೆ: ಡಾಕ್ಟ್ರೇ, ಅವನಿಗೆ ಓದಿ ಹೇಳಿದೆ. ಇವತ್ತು ಐದು ಸಲ ಆಗಿದೆ, ಜ್ವರ ಇಲ್ಲ, ನಾಡಿ 84. ನಾಳೆ ಬೆಳಿಗ್ಗೆ ಮೈಸೂರಿಗೆ ಹೊರಡ್ತೀವಿ. ಕೊಲೊನೋಸ್ಕೋಪಿ ಅಂದ್ರೆ ಹೆದರ್ತಿದ್ದಾನೆ.

ಡಾಕ್ಟರ್: ಮಂಪರು ಬರಿಸಿ ಮಾಡಿ ಅಂತ ಕೇಳಿ, ಕೊಡ್ತಾರೆ. ನುಂಗಿದ ಮಾತ್ರೆಗಳ ಖಾಲಿ ಪಟ್ಟಿಗಳನ್ನು ಮರೆಯದೆ ಒಯ್ಯಿರಿ. ರಾತ್ರಿ ಹೆಚ್ಚಾದರೆ ಬೆಳಗಾಗೋದಕ್ಕೆ ಕಾಯಬೇಡಿ.