ಕರೆಂಟ್ ಬಂದ ಮೇಲೆ ಒಂದೇ ಐಪಿ ಇಬ್ಬರಿಗೆ – ಡಿಎನ್‌ಎಸ್‌ಮಾಸ್ಕ್

ಕಕ್ಕಬ್ಬೆ_ಹೋಮ್‌ಸ್ಟೇ:
ಎಲ್ಲರಿಗೂ ನಮಸ್ಕಾರ. ಕಕ್ಕಬ್ಬೆ ಹತ್ರ ನಮ್ಮದೊಂದು ಹೋಮ್‌ಸ್ಟೇ, ಪಕ್ಕದಲ್ಲೇ ತೋಟದ ಆಫೀಸು. ಎರಡಕ್ಕೂ ಒಂದೇ ನೆಟ್‌ವರ್ಕ್. ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರಲ್ಲಿ ಓಡುವ ಡಿಎನ್‌ಎಸ್‌ಮಾಸ್ಕ್ ಪ್ರೋಗ್ರಾಮು ಎಲ್ಲರಿಗೂ ಐಪಿ (ನೆಟ್‌ವರ್ಕಿನ ವಿಳಾಸ) ಹಂಚುತ್ತೆ. ಬೇಸಿಗೆಯಲ್ಲಿ ತಡಿಯಂಡಮೋಳ್ ಹತ್ತೋಕೆ ಬಂದವರಿಂದ ರೂಮೆಲ್ಲ ತುಂಬಿದ್ದಾಗಲೂ ಏನೂ ತೊಂದರೆ ಇರಲಿಲ್ಲ. ಮಳೆ ಹಿಡಿದ ಮೇಲೆ ಶುರುವಾಗಿದೆ. ಮರ ಬಿದ್ದು ಕರೆಂಟ್ ಹೋಗುತ್ತೆ, ಯುಪಿಎಸ್ ಕೂಡ ಕೈ ಕೊಡುತ್ತೆ. ಕರೆಂಟ್ ಬಂದು ಫೈಬರೂ ಸರಿಯಾಯ್ತು ಅನ್ನುವ ಹೊತ್ತಿಗೆ ಆಫೀಸಿನ ಲ್ಯಾಪ್‌ಟಾಪ್ 'ಐಪಿ ಅಡ್ರೆಸ್ ಕಾನ್‌ಫ್ಲಿಕ್ಟ್' ಅಂತ ಕೂಗುತ್ತೆ, ಕೆಲವು ಗೆಸ್ಟ್‌ಗಳ ಫೋನಲ್ಲಿ ವೈಫೈ ಇದೆ, ನೆಟ್ ಇಲ್ಲ. ಕಾನ್ಫಿಗ್‌ನ ಮುಖ್ಯ ಸಾಲುಗಳು:

ಡಿಎಚ್‌ಸಿಪಿ-ರೇಂಜ್=192.168.10.100,192.168.10.180,12ಎಚ್
ಡಿಎಚ್‌ಸಿಪಿ-ಸೀಕ್ವೆನ್ಶಿಯಲ್-ಐಪಿ

ಸೆಟಪ್ ಮಾಡಿಕೊಟ್ಟವರು ಈಗ ಊರಲ್ಲಿಲ್ಲ.

ಲಿನಕ್ಸ್_ಮಡಿಕೇರಿ:
ಮೊದಲು ನೋಡಬೇಕಾದ್ದು ಇನ್ನೊಂದು ಡಿಎಚ್‌ಸಿಪಿ ಸರ್ವರ್ (ಐಪಿ ಹಂಚುವ ಯಂತ್ರ) ಸೇರಿಕೊಂಡಿದೆಯಾ ಅಂತ. ಫೈಬರ್ ರೌಟರ್ ಸಿಡಿಲಿಗೆ ಹೋಗಿ ಬೇರೆ ಹಾಕಿದ್ರೆ ಅದರಲ್ಲಿ ಡಿಎಚ್‌ಸಿಪಿ ಆನ್ ಇದ್ದೇ ಇರುತ್ತೆ. ಒಂದು ಲ್ಯಾಪ್‌ಟಾಪಿಂದ 'ಸುಡೋ ಎನ್‌ಮ್ಯಾಪ್ --ಸ್ಕ್ರಿಪ್ಟ್ ಬ್ರಾಡ್‌ಕಾಸ್ಟ್-ಡಿಎಚ್‌ಸಿಪಿ-ಡಿಸ್ಕವರ್' ಓಡಿಸಿ. ಎಷ್ಟು ಸರ್ವರ್ ಆಫರ್ ಕೊಡುತ್ತೋ ಅಷ್ಟೂ ಕಾಣುತ್ತೆ. ಪೈ ಮೇಲೆ 'ಟಿಸಿಪಿಡಂಪ್ -ಎನ್ -ಇ ಪೋರ್ಟ್ 67 ಆರ್ ಪೋರ್ಟ್ 68' ಕೂಡ ಹಾಕಿ ನೋಡಿ, ಡಿಎಚ್‌ಸಿಪಿ ಮಾತುಕತೆ ಕಾಣುತ್ತೆ. ಜಗಳ ಬಿದ್ದಿರುವ ಐಪಿಗೆ ಆರ್ಪಿಂಗ್ (ಈ ಐಪಿ ಯಾರ ಹತ್ರ ಇದೆ ಅಂತ ಕೇಳುವ ಕಮಾಂಡ್) ಮಾಡಿದ್ರೆ ಎರಡು ಮ್ಯಾಕ್‌ನಿಂದ (ಸಾಧನದ ಹಾರ್ಡ್‌ವೇರ್ ವಿಳಾಸ) ಉತ್ತರ ಬರಬೇಕು.

ಕಕ್ಕಬ್ಬೆ_ಹೋಮ್‌ಸ್ಟೇ:
ನೋಡಿದೆ ಸರ್. ಆಫರ್ ಒಂದೇ, ಪೈದೇ. ರೌಟರ್ ಹಳೇದೇ, ಅದರ ಡಿಎಚ್‌ಸಿಪಿ ಆಫ್. ಆದ್ರೆ 'ಆರ್ಪಿಂಗ್ -ಐ ಈಥ್0 192.168.10.101' ಕೊಟ್ಟಾಗ ನೀವು ಹೇಳಿದ ಹಾಗೇ ಎರಡು ಮ್ಯಾಕ್: ಒಂದು ಲ್ಯಾಪ್‌ಟಾಪ್, ಇನ್ನೊಂದು ಯಾರದೋ ಫೋನು. ಲೀಸ್ ಫೈಲಲ್ಲಿ (ಯಾರಿಗೆ ಯಾವ ಐಪಿ, ಎಲ್ಲಿವರೆಗೆ ಅನ್ನುವ ಪಟ್ಟಿ) 101ರ ಎದುರು ಫೋನ್ ಮಾತ್ರ ಇದೆ, ಲ್ಯಾಪ್‌ಟಾಪಿನ ಸುಳಿವೇ ಇಲ್ಲ!

ಜರ್ನಲ್‌ಸಿಟಿಎಲ್ -ಬಿ ಕೊಟ್ಟಾಗ ಪೈಯ ಲಾಗಲ್ಲಿ ಸಿಕ್ಕಿದ್ದನ್ನ ಚಿಕ್ಕದು ಮಾಡಿ ಹಾಕ್ತಿದ್ದೇನೆ (ಡಿಎಚ್‌ಸಿಪಿಆ್ಯಕ್ ಅಂದ್ರೆ ಆ ಐಪಿ ಕೊಟ್ಟಾಯ್ತು ಅಂತ):

ಜುಲೈ 19 02:31 ಡಿಎಚ್‌ಸಿಪಿಆ್ಯಕ್ 192.168.10.101 (ಲ್ಯಾಪ್‌ಟಾಪ್)
ಜುಲೈ 19 02:58 ಟೈಮ್‌ಸಿಂಕ್‌ಡಿ: ಟೈಮ್ ಸರ್ವರ್ ಸಿಕ್ಕಿತು
ಜುಲೈ 21 09:12 ಡಿಎಚ್‌ಸಿಪಿಆ್ಯಕ್ 192.168.10.101 (ಫೋನ್)

ತೋಟ_ಟೆಕ್:
ಅಲ್ಲೇ ಇದೆ ನೋಡಿ ಮಾರಾಯ್ರೇ! 02:58 ಆದ ಮೇಲಿನ ಸಾಲು ನೇರ ಎರಡು ದಿನ ಮುಂದಕ್ಕೆ ಹಾರಿದೆ. ಇದು ಡಿಎಚ್‌ಸಿಪಿ ತೊಂದರೆ ಅಲ್ಲ, ಗಡಿಯಾರದ ತೊಂದರೆ.

ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಹೋಗುವ ಮೊದಲು ಫೈಲಲ್ಲಿ ಉಳಿಸಿದ ಸಮಯವನ್ನೇ ಬೂಟ್ ಆದಾಗ ಓದಿಕೊಂಡು ಅಲ್ಲಿಂದ ಮುಂದೆ ಎಣಿಸುತ್ತೆ. ಕರೆಂಟ್ ಬಂತು, ಫೈಬರ್ ಇನ್ನೂ ಬಂದಿಲ್ಲ. ಪೈ 19ನೇ ತಾರೀಕಲ್ಲೇ ಕೂತು ಲೀಸ್ ಹಂಚಿತು. ಡಿಎನ್‌ಎಸ್‌ಮಾಸ್ಕ್ ಲೀಸ್ ಫೈಲಲ್ಲಿ ಬರೆಯೋದು 'ಇನ್ನು 12 ಗಂಟೆ' ಅಂತಲ್ಲ, ಮುಗಿಯುವ ಕ್ಷಣವನ್ನ, 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ. ಪ್ರತಿ ಸಾಲಿನ ಮೊದಲ ಉದ್ದ ಸಂಖ್ಯೆ ಅದೇ. 'ಡೇಟ್ -ಡಿ @ಸಂಖ್ಯೆ' ಕೊಟ್ಟರೆ ತಾರೀಕಾಗಿ ಕಾಣುತ್ತೆ. ನೆಟ್ ಬಂದು ಗಡಿಯಾರ 21ಕ್ಕೆ ಹಾರಿದ ಕೂಡಲೇ ಆ ಲೀಸೆಲ್ಲ ಮುಗಿದ ಲೆಕ್ಕ. ಲ್ಯಾಪ್‌ಟಾಪ್ ಮಾತ್ರ ತನ್ನ ಗಡಿಯಾರ ನೋಡಿಕೊಂಡು 'ಇನ್ನೂ ಸಮಯ ಇದೆ' ಅಂತ ಕೂತಿದೆ. 12 ಗಂಟೆ ಲೀಸಿಗೆ ಅದು ಮತ್ತೆ ಕೇಳೋದು ಅರ್ಧ, ಅಂದ್ರೆ 6 ಗಂಟೆ, ಕಳೆದ ಮೇಲೆ.

ಹೊಸದಾಗಿ ಐಪಿ ಕೊಡುವ ಮೊದಲು ಡಿಎನ್‌ಎಸ್‌ಮಾಸ್ಕ್ ಒಂದು ಪಿಂಗ್ ಮಾಡಿ ಅಲ್ಲಿ ಯಾರಾದ್ರೂ ಇದ್ದಾರಾ ಅಂತ ನೋಡುತ್ತೆ, ನಿಜ. ಆದ್ರೆ ಪಬ್ಲಿಕ್ ಪ್ರೊಫೈಲಲ್ಲಿರುವ ವಿಂಡೋಸ್ ಪಿಂಗಿಗೆ ಉತ್ತರ ಕೊಡಲ್ಲ, ನಿದ್ದೆ ಹೋದ ಫೋನೂ ಅಷ್ಟೇ. ಹಾಗಾಗಿ ಆ ಐಪಿ ಖಾಲಿ ಅಂದುಕೊಳ್ಳುತ್ತೆ.

ಇದರ ಮೇಲೆ ಆ ಸೀಕ್ವೆನ್ಶಿಯಲ್ ಸಾಲು ಬೇರೆ. ಅದಿಲ್ಲದಿದ್ರೆ ಮ್ಯಾಕ್ ನೋಡಿ ಐಪಿ ಆರಿಸುತ್ತೆ, ಲೀಸ್ ಮುಗಿದು ಬಂದರೂ ಸಾಮಾನ್ಯವಾಗಿ ಹಳೇದೇ ಸಿಗುತ್ತೆ. ಅದಿದ್ರೆ ಖಾಲಿ ಅಂದುಕೊಂಡ 100, 101 ಮೊದಲು ಬಂದವರ ಪಾಲು. ಸಾಮಾನ್ಯ ಬಳಕೆಗೆ ಇದು ಬೇಡ ಅಂತ ಡಿಎನ್‌ಎಸ್‌ಮಾಸ್ಕ್ ಮ್ಯಾನ್ ಪೇಜೇ (ಕೈಪಿಡಿ) ಹೇಳುತ್ತೆ. ತೆಗೀರಿ. ಆಫೀಸಿನ ಲ್ಯಾಪ್‌ಟಾಪ್, ಪ್ರಿಂಟರಿಗೆ ಡಿಎಚ್‌ಸಿಪಿ-ಹೋಸ್ಟ್ ಸಾಲಲ್ಲಿ ಮ್ಯಾಕ್ ಕೊಟ್ಟು ರೇಂಜಿನ ಹೊರಗಿನ ಐಪಿ ಕಾಯ್ದಿರಿಸಿ. ಬೇರೆ ಸರ್ವರ್ ಇಲ್ಲ ಅಂತ ಖಾತ್ರಿಯಾಗಿದೆಯಲ್ಲ, ಡಿಎಚ್‌ಸಿಪಿ-ಅಥಾರಿಟೇಟಿವ್ ಕೂಡ ಸೇರಿಸಿ. ದಾಖಲೆಯಿಂದ ಕಳೆದುಹೋದ ಲೀಸನ್ನ ಅದು ಸುಲಭವಾಗಿ ಮತ್ತೆ ಬರೆದುಕೊಳ್ಳುತ್ತೆ. 'ಡಿಎನ್‌ಎಸ್‌ಮಾಸ್ಕ್ --ಟೆಸ್ಟ್' ಕೊಟ್ಟು ತಪ್ಪಿಲ್ಲ ಅಂತ ನೋಡಿಕೊಂಡೇ ರೀಸ್ಟಾರ್ಟ್ ಮಾಡಿ.

ಇಷ್ಟಾದ್ರೂ ಬೇರು ಉಳಿಯುತ್ತೆ. ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿಸಿ. ಕಾನ್ಫಿಗ್.ಟಿಎಕ್ಸ್‌ಟಿಯಲ್ಲಿ 'ಡಿಟಿಓವರ್‌ಲೇ=ಐ2ಸಿ-ಆರ್‌ಟಿಸಿ,ಡಿಎಸ್3231' ಸೇರಿಸಿ, ಸಮಯವನ್ನ ಫೈಲಲ್ಲಿ ಉಳಿಸುವ ಫೇಕ್-ಹೆಚ್‌ಡಬ್ಲ್ಯೂಕ್ಲಾಕ್ ಪ್ಯಾಕೇಜ್ ತೆಗೆದುಹಾಕಿ, ರೀಬೂಟ್ ಮಾಡಿ. ನೆಟ್ ಇದ್ದು ಸಮಯ ಸರಿ ಇರುವಾಗ ಒಮ್ಮೆ 'ಹೆಚ್‌ಡಬ್ಲ್ಯೂಕ್ಲಾಕ್ -ಡಬ್ಲ್ಯೂ' ಕೊಟ್ಟು ಅದನ್ನ ಮಾಡ್ಯೂಲಿಗೆ ಬರೆಸಿ. ವರ್ಷಕ್ಕೆ ಸುಮಾರು ಒಂದು ನಿಮಿಷ ಆಚೀಚೆ ಆಗಬಹುದು, ಲೀಸಿಗೆ ಅದು ಲೆಕ್ಕಕ್ಕಿಲ್ಲ. ಪೈ 5 ತಗೊಂಡ್ರೆ ಗಡಿಯಾರ ಬೋರ್ಡಲ್ಲೇ ಇದೆ, ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು.

ಲಿನಕ್ಸ್_ಮಡಿಕೇರಿ:
ಗಡಿಯಾರ ನನಗೆ ಹೊಳೆದಿರಲಿಲ್ಲ. ಬೆಂಗಳೂರಲ್ಲಿ ಕೂತು ಬರೆದ ಗೈಡುಗಳಲ್ಲಿ ಈ ಕೇಸೇ ಬರಲ್ಲ. ಅಲ್ಲಿ ಕರೆಂಟ್ ಜೊತೆಗೇ ನೆಟ್ಟೂ ಬರುತ್ತೆ.

ಕಕ್ಕಬ್ಬೆ_ಹೋಮ್‌ಸ್ಟೇ:
ಸೀಕ್ವೆನ್ಶಿಯಲ್ ತೆಗೆದು ಉಳಿದಿದ್ದು ಸೇರಿಸಿದೆ, ಮಾಡ್ಯೂಲ್ ಆರ್ಡರ್ ಆಯ್ತು. ಅದಕ್ಕೆ ಅಂಗಡಿಯಲ್ಲಿ ಸಿಗುವ ಸಿಆರ್2032 ಸೆಲ್ ಹಾಕಬಹುದಾ?

ತೋಟ_ಟೆಕ್:
ಅಗ್ಗದ ಮಾಡ್ಯೂಲುಗಳಲ್ಲಿ ಚಾರ್ಜಿಂಗ್ ಸರ್ಕಿಟ್ ಇರುತ್ತೆ, ಅದು ಇರೋದು ಮತ್ತೆ ಮತ್ತೆ ಚಾರ್ಜ್ ಆಗುವ ಎಲ್‌ಐಆರ್2032 ಸೆಲ್‌ಗೆ, ಸಿಆರ್2032 ಚಾರ್ಜ್ ಮಾಡುವಂಥದ್ದಲ್ಲ. 5 ವೋಲ್ಟ್ ಪಿನ್ನಿಗೆ ಕೊಟ್ಟು ಸಿಆರ್2032 ಹಾಕಿದ್ರೆ ಸೆಲ್ ಉಬ್ಬಬಹುದು. ಪೈಯ 3.3 ವೋಲ್ಟ್ ಪಿನ್ನಿಗೇ ಕೊಡಿ, ಮಾಡ್ಯೂಲ್ ಜೊತೆ ಮಾತಾಡುವ ಪೈಯ ಐ2ಸಿ ಪಿನ್‌ಗಳಿಗೂ ಅದೇ ಕ್ಷೇಮ.