ರೇಡಿಯೋ, ಟಿವಿ ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕಾ?

ಪ್ರಶ್ನೆ: ನಾನು ಕುಂದಾಪುರದವಳು. ಪತ್ರಿಕೋದ್ಯಮದಲ್ಲಿ ಬಿ.ಎ. ಮುಗಿಸಿದ್ದೇನೆ. ರೇಡಿಯೋದಲ್ಲೋ ಟಿವಿಯಲ್ಲೋ ಕೆಲಸ ಮಾಡಬೇಕು ಅಂತ ತುಂಬಾ ಆಸೆ. ಬೆಂಗಳೂರಿಗೆ ಹೋಗಲೇಬೇಕಾ, ಇಲ್ಲೇ ಶುರು ಮಾಡಬಹುದಾ? ಅನುಭವ ಇದ್ದವರು ಹೇಳಿ.

ಉದ್ಘೋಷಕಿಯಾಗಿದ್ದವರು: ಇಲ್ಲೇ ಶುರು ಮಾಡಿ. ನಾನು ಮಂಗಳೂರು ಕದ್ರಿಯ ಆಕಾಶವಾಣಿಗೆ ತಾತ್ಕಾಲಿಕ ಉದ್ಘೋಷಕಿಯಾಗಿ ಹೋಗುತ್ತಿದ್ದೆ. ಅರ್ಜಿ ಕರೆದಾಗ ಮೊದಲು ಲಿಖಿತ ಪರೀಕ್ಷೆ, ಆಮೇಲೆ ಧ್ವನಿ ಪರೀಕ್ಷೆ. ಇದು ಖಾಯಂ ಕೆಲಸ ಅಲ್ಲ, ಅದು ಮೊದಲೇ ಗೊತ್ತಿರಲಿ. ನನಗೆ ತಿಂಗಳಿಗೆ 6 ಡ್ಯೂಟಿ ಸಿಗುತ್ತಿತ್ತು. ಅದರಲ್ಲಿ ಮನೆ ನಡೆಯುವುದಿಲ್ಲ. ಆದರೆ ಮೈಕ್ ಮುಂದೆ ಕೂತು ಕಲಿತದ್ದು ಈಗಲೂ ಅನ್ನ ಕೊಡುತ್ತಿದೆ.

ಧ್ವನಿ ಪರೀಕ್ಷೆಗೆ ಚಂದದ ಗಂಟಲಿಗಿಂತ ಸ್ಪಷ್ಟ ಓದು ಮುಖ್ಯ. 'ಫಲ' ಹೋಗಿ 'ಪಲ' ಆಗಬಾರದು. ಮೊದಲ ಸಲ ನೋಡಿದ ಕಾಗದವನ್ನು ತಡವರಿಸದೆ ಓದಬೇಕು. ನಾನು ದಿನಾ ಉದಯವಾಣಿಯ ಒಂದು ಪುಟ ಜೋರಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕೇಳುತ್ತಿದ್ದೆ. ವಾಕ್ಯದ ಕೊನೆಯ ಪದ ನುಂಗುತ್ತೇನೆ ಅಂತ ಗೊತ್ತಾದದ್ದೇ ಹಾಗೆ.

ಲೈವ್ ಯೂನಿಟಿನವರು: ನನ್ನದು ಬೇರೆ ದಾರಿ. ನಮ್ಮ ಕಡೆ ಯಕ್ಷಗಾನ, ಕಂಬಳ, ದೇವಸ್ಥಾನದ ಬ್ರಹ್ಮಕಲಶ ಎಲ್ಲವೂ ಈಗ ಲೈವ್, ಅಲ್ವಾ? ಅದಕ್ಕೆ ಕ್ಯಾಮೆರಾದವರು ಬೇಕು, ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಚಿತ್ರ ಬದಲಿಸುವ ಸ್ವಿಚರ್ ಹಿಡಿಯುವವರು ಬೇಕು, ಸೌಂಡ್ ನೋಡುವವರು ಬೇಕು. ನಾನು ಕೇಬಲ್ ಸುತ್ತುವ ಹುಡುಗನಾಗಿ ಸೇರಿದೆ. ಎರಡನೇ ವರ್ಷ ಸೌಂಡ್ ಕೈಗೆ ಬಂತು. ಭಾಗವತರ ಪದ್ಯ ಕೇಳಿಕೊಂಡು ಲೆವೆಲ್ ಇಟ್ಟೆ. ಚೆಂಡೆ ಶುರುವಾದ ಕೂಡಲೇ ಸೌಂಡ್ ಒಡೆಯಿತು. ಅವತ್ತಿನಿಂದ ಚೆಂಡೆಯನ್ನು ಜೋರಾಗಿ ಬಾರಿಸಲು ಹೇಳಿ ಅದಕ್ಕೇ ಲೆವೆಲ್ ಇಡುತ್ತೇನೆ. ಜನರ ಕಡೆಗೂ ಒಂದು ಮೈಕ್ ಇಡುತ್ತೇನೆ. ವೇದಿಕೆಯ ಮೈಕುಗಳು ಸೇರುವ ಮಿಕ್ಸರಿನಿಂದ ಮಾತ್ರ ತೆಗೆದುಕೊಂಡರೆ ಯಕ್ಷಗಾನದ ಆಟ ಖಾಲಿ ಮೈದಾನದಲ್ಲಿ ನಡೆದ ಹಾಗೆ ಕೇಳುತ್ತದೆ. ಕಂಬಳ ಇನ್ನೂ ಕಷ್ಟ. ಒಂದು ಓಟ ಹತ್ತು-ಹದಿನೈದು ಸೆಕೆಂಡಿನಲ್ಲಿ ಮುಗಿಯುತ್ತದೆ. ಕ್ಯಾಮೆರಾ ತಿರುಗಿಸುವುದು ತಡವಾದರೆ ಕೋಣ ಓಟ ಮುಗಿಯುವ ಜಾಗ, ಅಂದರೆ ಮಂಜೊಟ್ಟಿ, ಮುಟ್ಟಿರುತ್ತದೆ. ಇಂಥ ಒತ್ತಡದಲ್ಲಿ ಪಳಗಿದವರಿಗೆ ಚಾನೆಲ್ ಕಂಟ್ರೋಲ್ ರೂಮಿನಲ್ಲಿ ಹೆದರಿಕೆ ಆಗುವುದಿಲ್ಲ. ನನಗೆ ಟಿವಿಯಲ್ಲಿ ಕೆಲಸ ಸಿಕ್ಕಿದ್ದು ಅಂಕಪಟ್ಟಿ ನೋಡಿ ಅಲ್ಲ, ನಾನು ಮಾಡಿದ ಲೈವ್ ನೋಡಿ.

ಹಣದ ವಿಷಯ ಮಾತ್ರ ಮೊದಲೇ ಮಾತಾಡಿ. ಒಂದು ಕಡೆ ಮೂರು ತಿಂಗಳು ದುಡಿದದ್ದಕ್ಕೆ ನನಗೆ ಒಂದು ರೂಪಾಯಿ ಸಿಗಲಿಲ್ಲ. 'ಕಲಿಯುತ್ತಿದ್ದೀಯಲ್ಲ' ಅಂದರು. ಅದು ತಪ್ಪು. ಕಲಿಯುವವರಿಗೂ ಬಸ್ಸಿನ ಹಣ, ಊಟದ ಹಣ ಬೇಕು. ಮತ್ತೆ, ಮೇ ಕೊನೆಯ ಹೊತ್ತಿಗೆ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ಕೆಲಸ ಕಡಿಮೆ. ಆ ತಿಂಗಳುಗಳಲ್ಲಿ ಎಡಿಟಿಂಗ್ ಕಲಿಯಿರಿ.

ಸಮುದಾಯ ಬಾನುಲಿಯವರು: ಮಂಗಳೂರಿನಲ್ಲಿ ರೇಡಿಯೋ ಸಾರಂಗ್ 107.8, ಮಣಿಪಾಲದಲ್ಲಿ ರೇಡಿಯೋ ಮಣಿಪಾಲ್ 90.4 ಇದೆ. ಇಂಥ ಕೇಂದ್ರಗಳು ಸ್ವಂತ ಸುದ್ದಿ ಹೇಳುವ ಹಾಗಿಲ್ಲ, ದೂರವೂ ಕೇಳುವುದಿಲ್ಲ. ಆದರೆ ಒಂದು ಕಾರ್ಯಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ನೀವೇ ಮಾಡಬಹುದು. ಮಲ್ಪೆಯ ಮೀನುಗಾರ ಮಹಿಳೆಯರನ್ನು ಮಾತಾಡಿಸಿ, ಹತ್ತು ನಿಮಿಷಕ್ಕೆ ಕತ್ತರಿಸಿ ನೋಡಿ. ಸುಮ್ನೆ ಬಯೋಡೇಟಾ ಕಳಿಸುವುದಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಪ್ರಶ್ನೆ ಕೇಳಿದವರು: ನನ್ನದು ಕುಂದಾಪ್ರ ಕನ್ನಡ. ಅದು ತೊಂದರೆಯಾ?

ಉದ್ಘೋಷಕಿಯಾಗಿದ್ದವರು: ಖಂಡಿತ ಇಲ್ಲ. ಉದ್ಘೋಷಣೆಗೆ ಬೇರೆ ಕನ್ನಡ ರೂಢಿ ಮಾಡಿಕೊಳ್ಳಿ. ಊರಿನ ಮಾತು ಬಿಡಬೇಡಿ. ಹಳ್ಳಿಯ ಅಜ್ಜಿ ಮೈಕ್ ಕಂಡು ಗಾಬರಿಯಾದಾಗ ಬಾಯಿ ಬಿಡಿಸುವುದು ಆ ಮಾತೇ.

ಲೈವ್ ಯೂನಿಟಿನವರು: ಶನಿವಾರ ಕೋಟದ ಹತ್ತಿರ ಆಟ ಇದೆ. ಮನೆಯಲ್ಲಿ ಹೇಳಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಸಂಜೆ ಐದಕ್ಕೆ ಬನ್ನಿ. ಕೇಬಲ್ ಎಳೆಯುವುದು ಆ ಹೊತ್ತಿಗೇ.