ಪಾವ್ಲೋವ್ ಪ್ರಯೋಗ: ನಾಯಿ ಕಲಿತದ್ದು ನಿಜಕ್ಕೂ ಅಳಿಸಿಹೋಗುತ್ತದೆಯೇ?

ಪ್ರಶ್ನೆ (ಬಿ.ಇಡಿ. ವಿದ್ಯಾರ್ಥಿನಿ):
ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದೇನೆ. ರಷ್ಯಾದ ಶರೀರಶಾಸ್ತ್ರಜ್ಞ ಪಾವ್ಲೋವ್ ಅವರ ಪ್ರಯೋಗದಲ್ಲಿ, ಒಂದು ಸದ್ದಿನ ಬೆನ್ನಲ್ಲೇ ಆಹಾರ ಕೊಡುತ್ತ ಬಂದಾಗ ನಾಯಿ ಬರಿಯ ಸದ್ದಿಗೇ ಜೊಲ್ಲು ಸುರಿಸಲು ಕಲಿಯಿತು; ಹೀಗೆ ಜೋಡಿಸಿ ಕಲಿಸುವುದೇ ಅನುಬಂಧನ. ಆ ಬಳಿಕ ಆಹಾರ ಕೊಡದೆ ಬರಿಯ ಸದ್ದನ್ನೇ ಮತ್ತೆ ಮತ್ತೆ ಕೇಳಿಸಿದರೆ ನಾಯಿ ಜೊಲ್ಲು ಸುರಿಸುವುದು ಕ್ರಮೇಣ ನಿಲ್ಲುತ್ತದೆ, ಇದೇ ವಿಲೋಪ, ಅಂದರೆ ಕಲಿತದ್ದು ಅಳಿಸಿಹೋಗುವುದು ಎಂದು ನನ್ನ ಟಿಪ್ಪಣಿಯಲ್ಲಿದೆ. ಆದರೆ ಕೆಲವು ಹೊತ್ತಿನ ವಿರಾಮದ ಬಳಿಕ ಅದೇ ಸದ್ದಿಗೆ ಜೊಲ್ಲು ಮತ್ತೆ ಬರುತ್ತದೆ ಎಂದೂ ಮುಂದಿನ ಪುಟದಲ್ಲಿ ಬರೆದಿದೆ. ಅಳಿಸಿಹೋದದ್ದು ಮರಳುವುದು ಹೇಗೆ? ವಿಲೋಪವೂ ಮರೆವೂ ಒಂದೇ ಅಲ್ಲವೇ?

ಉತ್ತರ (ನಿವೃತ್ತ ಉಪನ್ಯಾಸಕ):
ನಿಮ್ಮ ಸಂಶಯ ಸರಿಯಾಗಿಯೇ ಇದೆ. ಟಿಪ್ಪಣಿಯ ವಿವರಣೆಯೇ ದಾರಿ ತಪ್ಪಿಸುವಂಥದ್ದು. ಪಾವ್ಲೋವ್ ಅವರೇ ವಿಲೋಪವನ್ನು ಅಳಿಕೆಯೆಂದು ತಿಳಿಯಲಿಲ್ಲ, ಅದೊಂದು ಆಂತರಿಕ ಪ್ರತಿಬಂಧ ಎಂದರು. ಸದ್ದಿಗೂ ಆಹಾರಕ್ಕೂ ಬೆಸೆದ ಹಳೆಯ ಸಂಬಂಧ ಹಾಗೆಯೇ ಉಳಿದಿರುತ್ತದೆ. ಈಗ ಸದ್ದಿನ ಹಿಂದೆ ಆಹಾರ ಬರುವುದಿಲ್ಲ ಎಂಬ ಎರಡನೆಯ ಕಲಿಕೆ ಅದರ ಮೇಲೆ ಕುಳಿತು ಪ್ರತಿಕ್ರಿಯೆಯನ್ನು ತಡೆಹಿಡಿಯುತ್ತದೆ. ವಿರಾಮದ ಬಳಿಕ ಕಾಣುವ ಸ್ವಯಂ ಚೇತರಿಕೆ ಇದಕ್ಕೊಂದು ಸಾಕ್ಷ್ಯವಾದರೆ, ಸದ್ದು ಮತ್ತು ಆಹಾರವನ್ನು ಮತ್ತೆ ಜೋಡಿಸಿದಾಗ ಪ್ರಾಣಿ ಸಾಮಾನ್ಯವಾಗಿ ಮೊದಲಿಗಿಂತ ಬೇಗ ಕಲಿಯುವುದು ಇನ್ನೊಂದು.

ಮರೆವಿನ ಮಾತು ಬೇರೆ. ಅಲ್ಲಿ ಬಳಕೆಯಿಲ್ಲದೆ ಕಾಲ ಕಳೆದಂತೆ ಪ್ರತಿಕ್ರಿಯೆ ಕುಗ್ಗುತ್ತದೆ. ವಿಲೋಪದಲ್ಲಾದರೋ ಸದ್ದನ್ನು ಆಹಾರವಿಲ್ಲದೆ ಕೇಳಿಸಲೇಬೇಕು, ಮತ್ತು ಅನಂತರ ಕಾಲ ಕಳೆದರೆ ಪ್ರತಿಕ್ರಿಯೆ ಮರಳುತ್ತದೆ. (ಪರೀಕ್ಷೆಯಲ್ಲಿ ಎಡವುವ ಇನ್ನೊಂದು ಜಾಗ: 1904ರ ನೊಬೆಲ್ ಪ್ರಶಸ್ತಿ ಪಾವ್ಲೋವ್ ಅವರಿಗೆ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ, ಅನುಬಂಧನಕ್ಕಲ್ಲ.)

ಉತ್ತರ (ಆಪ್ತಸಮಾಲೋಚಕಿ):
ಮೇಲಿನ ಮಾತಿಗೆ ಸ್ಥಳದ ಪಾತ್ರವನ್ನೂ ಸೇರಿಸಬೇಕು. ಒಂದು ಪೆಟ್ಟಿಗೆಯಲ್ಲಿ ಭಯ ಕಲಿತ ಇಲಿಗೆ ಬೇರೊಂದು ಪೆಟ್ಟಿಗೆಯಲ್ಲಿ ಆ ಭಯವನ್ನು ವಿಲೋಪಗೊಳಿಸಿ, ಮತ್ತೆ ಮೊದಲಿನ ಪೆಟ್ಟಿಗೆಗೆ ತಂದರೆ ಭಯ ಮರುಕಳಿಸುತ್ತದೆ. ಮನೋವಿಜ್ಞಾನಿ ಮಾರ್ಕ್ ಬೌಟನ್ ಅವರ ಸಂಶೋಧನೆ ಇದನ್ನು ವಿವರವಾಗಿ ತೋರಿಸಿದೆ. ವಿಲೋಪವು ತಾನು ನಡೆದ ಪರಿಸರಕ್ಕೆ ಅಂಟಿಕೊಳ್ಳುವುದರಿಂದಲೇ, ನಾಯಿಗೆ ಹೆದರುವವರು ಸಮಾಲೋಚನೆಯ ಕೊಠಡಿಯಲ್ಲಷ್ಟೇ ಅಲ್ಲದೆ ಬೀದಿ, ಪಾರ್ಕು, ನೆಂಟರ ಮನೆಗಳಲ್ಲಿಯೂ ಅಭ್ಯಾಸ ಮಾಡಬೇಕೆಂದು ಸಲಹೆ ಕೊಡಲಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ ಪಠ್ಯದಲ್ಲಿ ಬರುವ ಪುಟ್ಟ ಆಲ್ಬರ್ಟ್‌ನ ಭಯವನ್ನು ವಿಲೋಪಗೊಳಿಸಿದ್ದರೇ?

ಉತ್ತರ (ನಿವೃತ್ತ ಉಪನ್ಯಾಸಕ):
ಇಲ್ಲ. ಮನೋವಿಜ್ಞಾನಿ ವಾಟ್ಸನ್ ಮತ್ತು ಅವರ ಸಹಾಯಕಿ ರೇನರ್ 1920ರಲ್ಲಿ ಪ್ರಕಟಿಸಿದ ಆ ಪ್ರಯೋಗದಲ್ಲಿ ಬಿಳಿ ಇಲಿಯ ಜೊತೆಗೆ ಕಬ್ಬಿಣದ ಸರಳಿನ ಭಾರಿ ಸದ್ದು ಮಾಡಿ ಮಗುವಿಗೆ ಭಯ ಕಲಿಸಿದರು, ಆದರೆ ಅದನ್ನು ಹೋಗಲಾಡಿಸುವ ಮೊದಲೇ ಮಗು ಆಸ್ಪತ್ರೆಯಿಂದ ಹೊರಟುಹೋಯಿತು. ಇಂದು ಅಂಥದ್ದಕ್ಕೆ ಯಾವ ನೈತಿಕ ಸಮಿತಿಯೂ ಒಪ್ಪಿಗೆ ಕೊಡಲಾರದು. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿನ ಭಯವನ್ನು ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಹೋಗಲಾಡಿಸಿದ ವರದಿ 1924ರದು. ಅವರು ಪೀಟರ್ ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಮೆಲ್ಲಮೆಲ್ಲನೆ ಹತ್ತಿರ ತಂದರು. ಆದ್ದರಿಂದ ಅದನ್ನು ಬರಿಯ ವಿಲೋಪವೆನ್ನದೆ, ಭಯದ ಜಾಗಕ್ಕೆ ಹಿತವಾದ ಅನುಭವವನ್ನು ಜೋಡಿಸಿದ ಪ್ರತಿ-ಅನುಬಂಧನವೆಂದು ಬರೆಯಿರಿ.